ವಿದೇಶಿ ವಿಭಾಗ, ಎರಡನೇ ಮಹಡಿ

ಜನವರಿ 9

ಪ್ರೀತಿಯ ಅತ್ತಿಗೆಗೆ,

ನಿಮ್ಮ ಸೂಜಿಯ ನಮಸ್ಕಾರ. ಅಣ್ಣನ ಟ್ರಂಕು ಕೊನೆಗೂ ನನ್ನ ಕೈ ಸೇರಿತು. ಮೊನ್ನೆ ಬಂದರಿನ ಕಚೇರಿಯಿಂದ ಕರೆ ಬಂದಿತ್ತು. ಆಸ್ಪತ್ರೆಯ ಲಾಂಡ್ರಿಯಲ್ಲಿ ಅರ್ಧ ದಿನ ರಜೆ ಕೇಳಿದೆ. ಹೊಲಿಯಬೇಕಾದ ಹರಕು ಹೊದಿಕೆಗಳ ರಾಶಿ ಹಾಗೇ ಬಿಟ್ಟು ಹೊರಟರೂ ಮೇಲ್ವಿಚಾರಕಿ ಏನೂ ಅನ್ನಲಿಲ್ಲ. ಅಣ್ಣ ಹೋಗಿ ಇನ್ನೂ ಎರಡು ತಿಂಗಳು ತುಂಬಿಲ್ಲವೆಂದು ಅವಳಿಗೆ ಗೊತ್ತು.

ಗೋದಾಮಿನಲ್ಲಿ ರಿಜಿಸ್ಟರಿಗೆ ಸಹಿ ಹಾಕಿಸಿಕೊಂಡು ಟ್ರಂಕನ್ನು ತಳ್ಳುಗಾಡಿಯಲ್ಲಿ ತಂದು ನಿಲ್ಲಿಸಿದರು. ಕೀಲಿ ಎಲ್ಲೋ ಕಳೆದಿದೆ, ಹಗ್ಗ ಸುತ್ತಿದ್ದರು. ಗೇಟಿನಲ್ಲಿ ಒಬ್ಬರು, "ಒಳಗೇನಿದೆ?" ಅಂತ ಕೇಳಿದರು. "ತೀರಿಹೋದ ಅಣ್ಣನ ಬಟ್ಟೆ" ಅಂದೆ. "ಹೋಗಮ್ಮ" ಅಂದು ಕೈ ಬೀಸಿದರು.

ಕೋಣೆಗೆ ತಂದು ಬಿಚ್ಚಿದೆ. ಐದು ಅಂಗಿ, ಅಡುಗೆ ಮಾಡುವಾಗ ಕಟ್ಟಿಕೊಳ್ಳುತ್ತಿದ್ದ ಎರಡು ಏಪ್ರನ್, ಓದುವ ಕನ್ನಡಕ, ನಿಮ್ಮ ಕಾಗದಗಳ ಕಟ್ಟು. ಬಟ್ಟೆಗೆಲ್ಲ ಹಡಗಿನ ಅಡುಗೆಮನೆಯ ವಾಸನೆ ಹಿಡಿದಿದೆ. ಒಗೆಯಲು ಮನಸ್ಸಾಗಲಿಲ್ಲ. ಎಲ್ಲ ತೆಗೆದ ಮೇಲೆ ತಳಕ್ಕೆ ಅಂಟಿಸಿದ ಕಾಗದ ಒಂದು ಕಡೆ ಉಬ್ಬಿತ್ತು. ಕಿತ್ತೆ. ಚಪ್ಪಟೆಯ ತಗಡಿನ ಡಬ್ಬಿ. ಅದರಲ್ಲಿ ನೂರರ ನೋಟುಗಳು, ಎಂಬತ್ತಾರು. ನಮ್ಮ ಊರಿನ ನೋಟಲ್ಲ, ನಾನಿರುವ ಈ ದೇಶದ್ದೂ ಅಲ್ಲ. ಹಡಗಿನ ಕಂಪನಿ ಸಂಬಳ ಕೊಡುತ್ತಿದ್ದ ಮೂರನೆಯ ದೇಶದ್ದು. ಮೇಲೆ ಒಂದು ಚೀಟಿ. ಅಣ್ಣನ ಕೈಬರಹ: "ಅಂಗಡಿಗೆ." ಅಷ್ಟೇ.

ನೀವು ಕೆಲಸ ಮಾಡುವ ಬೈಂಡಿಂಗ್ ಅಂಗಡಿಯನ್ನು ಯಜಮಾನರು ಮಾರಬೇಕೆಂದಿರುವುದು ಅಣ್ಣನಿಗೆ ಗೊತ್ತಿತ್ತಲ್ಲ. ಇಲ್ಲಿನ ಲೆಕ್ಕದಲ್ಲಿ ನೋಡಿದರೆ ಅವರು ಹೇಳಿದ ಬೆಲೆಗೆ ಸರಿಹೋಗುತ್ತದೆ, ಒಂದಿಷ್ಟು ಉಳಿಯಲೂಬಹುದು. ಬರುವ ವಾರ ಇದನ್ನು ನನ್ನ ಬ್ಯಾಂಕಿಗೆ ಕಟ್ಟಿ ನಿಮಗೆ ಕಳಿಸುತ್ತೇನೆ. ಯಜಮಾನರಿಗೆ ಈಗಲೇ ಒಂದು ಮಾತು ಹೇಳಿಡಿ.

ನಿಮ್ಮ ನಾದಿನಿ,
ಸೂಜಿ

*

ಜನವರಿ 28

ಸೂಜಿ,

ನಿನ್ನ ಕಾಗದ ಬಂದಾಗ ನಾನು ಕಟಿಂಗ್ ಮೆಷಿನ್ನಿನ ಮುಂದೆ ನಿಂತಿದ್ದೆ. ಯಜಮಾನರೇ ತಂದುಕೊಟ್ಟರು. ರಟ್ಟಿನ ಕಟ್ಟುಗಳ ಮೇಲೆ ಕೂತು ಓದಿದೆ. ಅಳು ಬರಲಿಲ್ಲ. ಮೊದಲು ಸಿಟ್ಟು ಬಂತು. ಹನ್ನೊಂದು ವರ್ಷ ಈ ಮನುಷ್ಯ ರಜೆಗೆ ಬಂದಾಗಲೆಲ್ಲ "ಈ ಸಲ ಏನೂ ಉಳೀಲಿಲ್ಲ ಕಣೆ" ಅಂತ ಹೇಳಿ ನನ್ನಿಂದ ಬೈಸಿಕೊಂಡು ಹೋಗುತ್ತಿದ್ದರು. ಉಳಿಸಿದ್ದನ್ನು ಟ್ರಂಕಿನ ತಳಕ್ಕೆ ಅಂಟಿಸಿ ಸುಮ್ಮನಿದ್ದರು. ಬೈಸಿಕೊಳ್ಳುವುದರಲ್ಲೂ ಅವರಿಗೊಂದು ಖುಷಿ ಇತ್ತೇನೋ.

ಮನೆಗೆ ಬಂದು ಮಗಳಿಗೆ ಹೇಳಿದಾಗ ಅಳು ಬಂತು.

ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡ. ಹಡಗಿನ ಪುಸ್ತಕದಲ್ಲಿ ಹತ್ತಿರದ ಸಂಬಂಧಿ ಅಂತ ನಿನ್ನ ವಿಳಾಸ ಬರೆಸಿದ್ದರಂತೆ, ನನ್ನದಲ್ಲ. ಯಾಕೆ? ನೀನು ಬಂದರಿನ ಊರಲ್ಲಿರುವವಳು, ಸುಲಭವಾಗಲಿ ಅಂತ ಬರೆಸಿರಬೇಕು. ಇರಲಿ. ಕೇಳಬೇಕು ಅನ್ನಿಸಿತು, ಕೇಳಿದೆ.

ಯಜಮಾನರಿಗೆ ಹೇಳಿದೆ. "ಜೂನ್ ಕೊನೆ ತನಕ ಕಾಯ್ತೀನಿ. ಹದಿನಾಲ್ಕು ವರ್ಷ ಇಲ್ಲೇ ಸವೆದಿದೀಯ, ಅಂಗಡಿ ನಿನಗೇ ಹೋದ್ರೆ ನನಗೂ ನೆಮ್ಮದಿ. ಜೂನ್ ದಾಟಿದ್ರೆ ಮಾತ್ರ ಮಕ್ಕಳು ನನ್ನ ಮಾತು ಕೇಳಲ್ಲ" ಅಂದರು. ಐದು ತಿಂಗಳಿದೆ. ಬ್ಯಾಂಕಿಗೆ ಐದು ದಿನ ಸಾಕು ಅಲ್ಲವೇ.

ಫೋನು ಮಾಡಬೇಡ. ಮೆಷಿನ್ ಸದ್ದಿಗೆ ನನ್ನ ಕಿವಿ ಇನ್ನಷ್ಟು ಮಂದವಾಗಿದೆ. ನೀನು ಹತ್ತು ಅಂದರೆ ನನಗೆ ಹತ್ತಿ ಅಂತ ಕೇಳಿಸೀತು. ಕಾಗದವೇ ವಾಸಿ.

ನಿನ್ನ ಅತ್ತಿಗೆ

*

ಫೆಬ್ರವರಿ 16

ಪ್ರೀತಿಯ ಅತ್ತಿಗೆಗೆ,

ತಡವಾಗಿ ಬರೆಯುತ್ತಿದ್ದೇನೆ. ಒಳ್ಳೆಯ ಸುದ್ದಿಯೊಂದಿಗೇ ಬರೆಯೋಣವೆಂದು ಕಾದೆ. ಅದು ಇನ್ನೂ ಬಂದಿಲ್ಲ.

ಮೊದಲ ದಿನ ಟೋಕನ್ ತೆಗೆದುಕೊಂಡು ಒಂದು ಗಂಟೆ ಕೂತೆ. ಕೌಂಟರಿನ ಹುಡುಗಿ ನೋಟು ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು.

"ಇದು ನಮ್ಮ ದುಡ್ಡಲ್ಲ."

"ಗೊತ್ತು. ಇದನ್ನ ನಿಮ್ಮ ದುಡ್ಡಾಗಿ ಬದಲಾಯಿಸಿ ನನ್ನ ಖಾತೆಗೆ ಹಾಕಿ."

"ಎರಡನೇ ಮಹಡಿ, ವಿದೇಶಿ ವಿಭಾಗ. ಮಂಗಳವಾರ, ಗುರುವಾರ ಮಾತ್ರ. ಹತ್ತರಿಂದ ಹನ್ನೆರಡು."

ಅವತ್ತು ಶುಕ್ರವಾರ. ಮಂಗಳವಾರ ಮತ್ತೆ ರಜೆ ಹಾಕಿ ಹೋದೆ. ಎರಡನೇ ಮಹಡಿಯಲ್ಲಿ ಒಂದು ಉದ್ದದ ಬೆಂಚು, ಒಂದು ಮೇಜು, ಮೇಜಿನ ಹಿಂದೆ ಒಬ್ಬ ಅಧಿಕಾರಿ. ಬಹಳ ಮೆದುವಾಗಿ ಮಾತಾಡುತ್ತಾರೆ. ಗದರಿದ್ದರೆ ನಾನೂ ಗದರಬಹುದಿತ್ತು. ನಾನು ಅವರಿಗೆ ಮೆದುಮಾತಿನವರು ಅಂತ ಹೆಸರಿಟ್ಟಿದ್ದೇನೆ.

ಅವರು ಒಂದು ಅರ್ಜಿ ಕೊಟ್ಟರು. ಹಣದ ಮೂಲ ಎಂಬ ಸಾಲಿನಲ್ಲಿ "ಅಣ್ಣನ ಉಳಿತಾಯ" ಅಂತ ಬರೆದೆ.

"ಹಾಗಾದ್ರೆ ನಿಮ್ಮ ಅಣ್ಣ ಬಂದು ಸಹಿ ಹಾಕ್ಬೇಕು" ಅಂದರು.

"ಅಣ್ಣ ತೀರಿಕೊಂಡಿದಾರೆ."

"ಅಯ್ಯೋ, ಕ್ಷಮಿಸಿ. ಹಾಗಾದ್ರೆ ಅವರು ತೀರಿಕೊಂಡದ್ದಕ್ಕೆ ಕಾಗದ ಬೇಕು. ಅವರಿಗೆ ಸಂಬಳ ಬರ್ತಿದ್ದದ್ದಕ್ಕೆ ಕಾಗದ ಬೇಕು. ಈ ಹಣಕ್ಕೆ ವಾರಸುದಾರರು ಯಾರು ಅನ್ನೋದಕ್ಕೂ ಒಂದು ಬೇಕು."

ನಾನು ಅಣ್ಣನ ಚೀಟಿ ತೋರಿಸಿದೆ. ಅವರು ಅದನ್ನು ತಿರುಗಿಸಿ ನೋಡಿ, ಈ ಭಾಷೆ ತಮಗೆ ಬರುವುದಿಲ್ಲವೆಂದೂ, ಮಾನ್ಯತೆ ಪಡೆದ ಭಾಷಾಂತರಕಾರರಿಂದ ಬರೆಸಿ ಮೊಹರು ಹಾಕಿಸಿ ತರಬೇಕೆಂದೂ ಹೇಳಿದರು. ಒಂದು ಪದ, ಅತ್ತಿಗೆ. ಭಾಷಾಂತರಕಾರ ಇಡೀ ಪುಟದ ದರ ತೆಗೆದುಕೊಂಡ. ಗುರುವಾರ ಕೊಂಡೊಯ್ದೆ. ಮೆದುಮಾತಿನವರು ಓದಿ, "ಯಾವ ಅಂಗಡಿಗೆ ಅಂತ ಇದರಲ್ಲಿಲ್ಲವಲ್ಲ" ಅಂದರು.

ನೋಟು ಬದಲಾಯಿಸಿ ಕೊಡುವ ಅಂಗಡಿಗಳಿಗೂ ಹೋಗಿ ಬಂದೆ. ಎರಡು ನೋಟಿಗಿಂತ ಹೆಚ್ಚು ಬದಲಾಯಿಸಬೇಕಾದರೆ ಬ್ಯಾಂಕಿನ ಚೀಟಿ ತಾ ಅನ್ನುತ್ತಾರೆ. ಅಂಚೆಯಲ್ಲಿ ಹಾಕಲು ಧೈರ್ಯವಿಲ್ಲ. ನೀವು ನಿಮ್ಮ ಮದುವೆಯ ದಾಖಲೆ ಮತ್ತು ವಾರಸುದಾರರ ಪತ್ರ ಮಾಡಿಸಿ ಬೇಗ ಕಳಿಸಿ. ಅಣ್ಣ ತೀರಿಕೊಂಡದ್ದರ ಕಾಗದ ಬಂದರಿನ ಕಚೇರಿಯಿಂದ ತಂದಿದ್ದೇನೆ, ಸಂಬಳದ್ದನ್ನು ಹಡಗಿನ ಕಂಪನಿಗೆ ಕೇಳುತ್ತೇನೆ. ಅಷ್ಟಾದರೆ ಆಗುತ್ತದೆ ಅಂದಿದ್ದಾರೆ.

ನಿಮ್ಮ
ಸೂಜಿ

*

ಮಾರ್ಚ್ 11

ಸೂಜಿ,

ಕೇಳಿದ್ದೆಲ್ಲ ಇದರೊಂದಿಗಿದೆ. ವಾರಸುದಾರರ ಪತ್ರಕ್ಕೆ ಆರು ಸಲ ಅಲೆದೆ. ಮೂರು ದಿನದ ಕೂಲಿ ಹೋಯಿತು. ಗುಮಾಸ್ತ, "ಗಂಡ ಸತ್ತದ್ದು ಸಮುದ್ರದಲ್ಲೋ ನೆಲದ ಮೇಲೋ?" ಅಂತ ಕೇಳಿದ. ಬಂದರಿನಲ್ಲಿ, ಹಡಗು ಕಟ್ಟಿ ನಿಲ್ಲಿಸಿದ್ದಾಗ ಅಂದೆ. "ಅದು ಸಮುದ್ರಕ್ಕೆ ಸೇರತ್ತೋ ನೆಲಕ್ಕೆ ಸೇರತ್ತೋ ಕೇಳಿ ಹೇಳ್ತೀನಿ" ಅಂದ. ಕೇಳಲು ಅವನಿಗೆ ಎಂಟು ದಿನ ಬೇಕಾಯಿತು.

ಅಂಗಡಿಯಲ್ಲಿ ಎಲ್ಲರಿಗೂ ಸುದ್ದಿ ಗೊತ್ತಾಗಿದೆ. ನೀನು ಬರೆದದ್ದನ್ನು ಯಜಮಾನರಿಗೆ ಹೇಳಿದೆ. ಅವರು ನಕ್ಕುಬಿಟ್ಟರು. "ಏನಮ್ಮ, ಬ್ಯಾಂಕಿನವರು ಎಲ್ಲಾದ್ರೂ ದುಡ್ಡು ಬೇಡ ಅಂತಾರಾ? ಕೇಳಿದ್ರೆ ಕೊಡಲ್ಲ ಅನ್ನೋದು ಕೇಳಿದೀನಿ. ಕೊಟ್ರೆ ಬೇಡ ಅನ್ನೋ ಬ್ಯಾಂಕು ಇದೇ ಮೊದಲು." ನಾನೂ ನಕ್ಕೆ. ನನ್ನ ತಮ್ಮನೂ ಅಲ್ಲೇ ಇದ್ದ. ಅವನು ನಗಲಿಲ್ಲ. ದಾರಿಯಲ್ಲಿ, "ಅಕ್ಕ, ನೋಟು ಎಷ್ಟಿದ್ವು ಅಂತ ನೀನು ಕಣ್ಣಾರೆ ನೋಡಿದೀಯಾ?" ಅಂತ ಕೇಳಿದ. ಬಾಯಿ ಮುಚ್ಚು ಅಂದೆ. ಇದನ್ನು ನಿನಗೆ ಯಾಕೆ ಬರೆದೆನೋ ಗೊತ್ತಿಲ್ಲ. ಬರೆಯದಿದ್ದರೆ ಹೊಟ್ಟೆಯಲ್ಲೇ ಉಳಿಯುತ್ತಿತ್ತು, ಅದಕ್ಕೆ.

ಬ್ಯಾಂಕು ಆಗದಿದ್ದರೆ ಊರಿಗೆ ಬರುವ ನಂಬಿಕಸ್ಥರು ಯಾರ ಕೈಯಲ್ಲಾದರೂ ಕೊಟ್ಟು ಕಳಿಸು. ಇಲ್ಲಿ ನಾನು ಹೇಗೋ ಬದಲಾಯಿಸಿಕೊಳ್ಳುತ್ತೇನೆ.

ನಿನ್ನ ಅತ್ತಿಗೆ

*

ಏಪ್ರಿಲ್ 3

ಪ್ರೀತಿಯ ಅತ್ತಿಗೆಗೆ,

ನಿಮ್ಮ ಕಾಗದಗಳನ್ನು ಹಿಡಿದುಕೊಂಡು ಹೋದಾಗ ಗೆದ್ದೆ ಅಂದುಕೊಂಡಿದ್ದೆ. ಮೆದುಮಾತಿನವರು ಒಂದೊಂದನ್ನೂ ಓದಿ, ಚೆನ್ನಾಗಿದೆ, ಚೆನ್ನಾಗಿದೆ ಅಂದರು. ಆಮೇಲೆ ನೋಟುಗಳನ್ನು ಕೊಡಿ ಅಂದರು. ಯಂತ್ರದಲ್ಲಿ ಎರಡು ಸಲ ಎಣಿಸಿ, ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿ, ನನಗೆ ಒಂದು ರಸೀದಿ ಕೊಟ್ಟರು. ಖಾತೆಗೆ ಕಟ್ಟಿದ ರಸೀದಿ ಅಂದುಕೊಂಡೆ. ಓದಿ ನೋಡಿದರೆ ತಪಾಸಣೆಗಾಗಿ ಇಟ್ಟುಕೊಂಡಿದೆ ಅಂತ ಇತ್ತು.

"ಎಷ್ಟು ದಿನ?" ಅಂತ ಕೇಳಿದೆ.

"ಅದು ಮೇಲಿನವರ ಕೈಯಲ್ಲಿದೆ. ಒಂದು ಪ್ರಶ್ನೆ ಬಾಕಿ ಇದೆ. ಈ ಹಣವನ್ನ ಬಂದರಿನಿಂದ ಹೊರಗೆ ತರುವಾಗ ಗೇಟಿನಲ್ಲಿ ತಿಳಿಸಿದ್ರಾ?"

"ಡಬ್ಬಿ ಇರೋದು ನನಗೇ ಗೊತ್ತಿರಲಿಲ್ಲ."

"ಅಂದ್ರೆ ತಿಳಿಸಲಿಲ್ಲ."

"ಗೊತ್ತಿಲ್ಲದ್ದನ್ನ ಹೇಗೆ ತಿಳಿಸಲಿ?"

ಅವರು ತಲೆಯಾಡಿಸಿ, ತಿಳಿಸಿಲ್ಲ ಎಂದು ಬರೆದುಕೊಂಡರು. ಗೊತ್ತಿರಲಿಲ್ಲ ಎಂಬುದನ್ನು ಬರೆಯಲು ಆ ಅರ್ಜಿಯಲ್ಲಿ ಜಾಗ ಇರಲಿಲ್ಲ. ನಿಜ ಹೇಳಿ ಕೆಟ್ಟೆ. ಟ್ರಂಕಿನಲ್ಲಿ ಕಂಡಿತ್ತು, ಗೇಟಿನವರಿಗೆ ತೋರಿಸಿದ್ದೆ ಅಂದಿದ್ದರೆ ಆಗುತ್ತಿತ್ತೇನೋ. ಆ ಹೊತ್ತಿಗೆ ಹೊಳೆಯಲಿಲ್ಲ.

ಹಡಗಿನ ಕಂಪನಿಗೆ ಸಂಬಳದ ಪತ್ರ ಕೇಳಿ ಬರೆದಿದ್ದೆ. ಕಂಪನಿ ಮುಚ್ಚಿಹೋಗಿದೆ, ಕಾಗದ ಹಾಗೇ ವಾಪಸು ಬಂತು. ಹಡಗನ್ನು ಗುಜರಿಗೆ ಹಾಕಿದ್ದಾರಂತೆ. ಅಣ್ಣನ ಜೊತೆ ಒಂಬತ್ತು ವರ್ಷ ಇದ್ದ ಎಂಜಿನ್ ಮೇಸ್ತ್ರಿ ಈಗ ಬೇರೆ ಹಡಗಿನಲ್ಲಿದ್ದಾರೆ. ನಾವಿಕರ ವಸತಿಗೃಹದ ವಿಳಾಸಕ್ಕೆ ಬರೆದು ಸಾಕ್ಷಿ ಕೇಳಿದ್ದೇನೆ.

ಇನ್ನೊಂದು. ತಪಾಸಣೆ ಮುಗಿಯುವ ತನಕ ನನ್ನ ಸಂಬಳದ ಖಾತೆಗೂ ಬೀಗ ಹಾಕಿದ್ದಾರೆ. ನೀವು ಗಾಬರಿಯಾಗಬೇಡಿ. ಇದ್ದ ಕೋಣೆ ಬಿಟ್ಟು ಲಾಂಡ್ರಿಯ ಇಬ್ಬರು ಹೆಂಗಸರ ಜೊತೆ ಒಂದು ಚಿಕ್ಕ ಕೋಣೆಗೆ ಹೋಗುತ್ತಿದ್ದೇನೆ, ಹೊಸ ವಿಳಾಸ ಲಕೋಟೆಯ ಮೇಲಿದೆ. ಹೊಲಿಗೆ ಯಂತ್ರ ಇಡಲು ಜಾಗ ಇದೆ, ಸಂಜೆ ಹೊರಗಿನ ಬಟ್ಟೆ ಹೊಲಿದು ಊಟದ ಖರ್ಚು ತೂಗಿಸುತ್ತೇನೆ. ಯಾರ ಕೈಯಲ್ಲೂ ಕಳಿಸುವ ಹಾಗಿಲ್ಲ ಈಗ. ತಪಾಸಣೆ ಮುಗಿಯದೆ ಒಂದು ನೋಟೂ ಆಚೆ ಬರುವುದಿಲ್ಲ.

ನಿಮ್ಮ
ಸೂಜಿ

*

ಏಪ್ರಿಲ್ 25

ಸೂಜಿಗೆ,

ನಿನ್ನ ಕಾಗದ ಬಂತು. ಮೊನ್ನೆ ಯಜಮಾನರ ದೊಡ್ಡ ಮಗ ಯಾರನ್ನೋ ಕರೆದುಕೊಂಡು ಬಂದು ಅಂಗಡಿ ತೋರಿಸಿದ. ಬಂದವನು ಟೇಪು ಹಿಡಿದು ಗೋಡೆ ಅಳೆದ. ನಾನು ಗೋಂದು ಕಲಸುತ್ತಾ ನಿಂತಿದ್ದೆ. ಯಜಮಾನರು ನನ್ನ ಮುಖ ನೋಡಲಿಲ್ಲ.

ನನ್ನ ತಮ್ಮ ನಿನ್ನ ಕಾಗದಗಳನ್ನೆಲ್ಲ ಓದಬೇಕೆಂದ. ಕೊಟ್ಟೆ. ಅವನೇನೂ ಕೆಟ್ಟವನಲ್ಲ, ನನ್ನ ಒಳ್ಳೆಯದಕ್ಕೇ ಹೇಳುತ್ತಾನೆ. "ಒಂದು ಸಲ ಕಾಗದ ಇಲ್ಲ ಅಂತಾಳೆ, ಕಳಿಸಿದ ಮೇಲೆ ಗೇಟು ಅಂತಾಳೆ, ಗೇಟು ಆದಮೇಲೆ ಬೀಗ ಅಂತಾಳೆ. ದುಡ್ಡು ಕಟ್ಟೋಕೆ ಹೋದವಳ ಖಾತೆಗೇ ಬೀಗ ಹಾಕ್ತಾರಾ ಅಕ್ಕ?" ಅಂದ.

ಆ ರಸೀದಿಯ ನಕಲು ಕಳಿಸು.

ಅತ್ತಿಗೆ

*

ಮೇ 14

ಅತ್ತಿಗೆ,

ರಸೀದಿಯ ನಕಲು ಇಟ್ಟಿದ್ದೇನೆ. ಕೆಳಗೆ ಮೂರನೆಯ ಸಾಲಿನಲ್ಲಿ ಎಂಬತ್ತಾರು ಎಂಬ ಅಂಕೆ ಇದೆ. ಭಾಷೆ ಬರದಿದ್ದರೂ ಅಂಕೆ ನಿಮಗೆ ತಿಳಿಯುತ್ತದೆ.

ನೀವು ಕೇಳಿದ್ದು ತಪ್ಪಲ್ಲ. ನಾನೇ ಮೊದಲ ದಿನ ಕಳಿಸಬೇಕಿತ್ತು. ನಿಮ್ಮ ಕಾಗದ ಓದಿದ ದಿನ ಲಾಂಡ್ರಿಯಲ್ಲಿ ಒಂದು ಹೊದಿಕೆಯನ್ನು ನನ್ನ ಏಪ್ರನ್ನಿಗೇ ಸೇರಿಸಿ ಹೊಲಿದುಬಿಟ್ಟೆ. ಎದ್ದು ನಿಂತರೆ ಹೊದಿಕೆಯೂ ನನ್ನ ಹಿಂದೆ ಬಂತು. ಎಲ್ಲರೂ ನಕ್ಕರು. ಮದುವೆಯಾಗಿ ನೀವು ಮನೆಗೆ ಬಂದಾಗ ನನಗೆ ಒಂಬತ್ತು ವರ್ಷ. ನಿಮ್ಮ ಕೈತುತ್ತು ತಿಂದವಳು. ಇದಕ್ಕಿಂತ ಹೆಚ್ಚು ಏನು ಬರೆಯಲಿ.

ಎಂಜಿನ್ ಮೇಸ್ತ್ರಿ ಒಳ್ಳೆಯ ಮನುಷ್ಯ. ಎರಡು ಪುಟ ಬರೆದು ಕಳಿಸಿದರು. ಕಂಪನಿ ಕೈಗೇ ನೋಟು ಕೊಡುತ್ತಿತ್ತು, ಎಲ್ಲರೂ ಬಂದರಿನಲ್ಲಿ ಇಳಿದು ಖರ್ಚು ಮಾಡುವಾಗ ಅಣ್ಣ ಹಡಗಿನಲ್ಲೇ ಉಳಿಯುತ್ತಿದ್ದ ಅಂತ ಬರೆದಿದ್ದಾರೆ. ಒಂದು ತಮಾಷೆಯನ್ನೂ ಬರೆದಿದ್ದಾರೆ. "ಎಲ್ಲರೂ ಕ್ಯಾಪ್ಟನ್‌ಗೆ ಹೆದರ್ತಾರೆ, ಕ್ಯಾಪ್ಟನ್ ನನಗೆ ಹೆದರ್ತಾನೆ, ಯಾಕಂದ್ರೆ ಉಪ್ಪಿನ ಡಬ್ಬಿ ನನ್ನ ಕೈಲಿದೆ" ಅಂತ ಅಣ್ಣ ಹೇಳುತ್ತಿದ್ದನಂತೆ. ಅದನ್ನು ಭಾಷಾಂತರ ಮಾಡಿಸಿ ಕೊಟ್ಟೆ. ಮೆದುಮಾತಿನವರು ಆ ಸಾಲು ಓದಿ ಮುಗುಳ್ನಕ್ಕರು. ಆಮೇಲೆ, ಸಾಕ್ಷಿದಾರರು ಅಧಿಕಾರಿಯೊಬ್ಬರ ಎದುರಿಗೆ ಸಹಿ ಹಾಕಿರಬೇಕು, ಇದು ನಡೆಯುವುದಿಲ್ಲ ಅಂದರು. ಮೇಸ್ತ್ರಿಯ ಹಡಗು ಇನ್ನು ನೆಲ ಮುಟ್ಟುವುದು ಆಗಸ್ಟಿನಲ್ಲಿ.

ಕೋಣೆ ಬದಲಾಯಿತಲ್ಲ, ಹೊಸ ವಿಳಾಸ ಬರೆದುಕೊಳ್ಳಿ ಅಂತಲೂ ಅವರಿಗೆ ಹೇಳಿದೆ. ಖಾತೆಗೆ ಬೀಗ ಇರುವಾಗ ಅದರಲ್ಲಿ ಏನನ್ನೂ ತಿದ್ದಲು ಬರುವುದಿಲ್ಲವಂತೆ.

ಯಜಮಾನರನ್ನು ಸ್ವಲ್ಪ ತಡೆದು ನಿಲ್ಲಿಸಿ.

ಸೂಜಿ

*

ಜೂನ್ 6

ಪ್ರೀತಿಯ ಅತ್ತಿಗೆಗೆ,

ಬ್ಯಾಂಕಿನವರು ಕಾಲು ಭಾಗ ಬಿಟ್ಟುಕೊಟ್ಟರು. ಅದನ್ನು ಹಾಗೇ ನಿಮಗೆ ಕಳಿಸಿದ್ದೇನೆ, ಈ ಕಾಗದಕ್ಕಿಂತ ಮೊದಲೇ ತಲುಪುತ್ತದೆ. ಯಜಮಾನರಿಗೆ ಮುಂಗಡ ಅಂತ ಕೊಟ್ಟು ಕರಾರು ಪತ್ರ ಬರೆಸಿಕೊಳ್ಳಿ. ಉಳಿದದ್ದು ಹಿಂದೆಯೇ ಬರುತ್ತದೆ. ಜೂನ್ ಮುಗಿಯಲು ಇನ್ನೂ ಮೂರು ವಾರ ಇದೆ.

ಮಗಳು ಹೇಗಿದ್ದಾಳೆ? ಅವಳು ಅಂಗಡಿಯ ಲೆಕ್ಕ ಬರೆಯುತ್ತಾಳೆ, ನೀವು ಪುಸ್ತಕ ಕಟ್ಟುತ್ತೀರಿ ಅಂತ ಇವತ್ತು ಕೆಲಸ ಮಾಡುವಾಗ ನೆನೆಸಿಕೊಂಡೆ.

ನಿಮ್ಮ
ಸೂಜಿ

*

ಜೂನ್ 7

ಎಂಜಿನ್ ಮೇಸ್ತ್ರಿಯವರಿಗೆ ನಮಸ್ಕಾರ.

ಆಗಸ್ಟಿನಲ್ಲಿ ಇಳಿದ ಕೂಡಲೇ ಅಧಿಕಾರಿಯ ಎದುರು ಸಹಿ ಹಾಕಿ ಕಳಿಸುತ್ತೇನೆ ಎಂದಿದ್ದೀರಿ. ನಿಮ್ಮ ಉಪಕಾರ ದೊಡ್ಡದು. ಆದರೆ ಅಂಗಡಿ ಅಲ್ಲಿಯ ತನಕ ಕಾಯುವುದಿಲ್ಲ.

ನಿಮಗೊಬ್ಬರಿಗೆ ಹೇಳುತ್ತೇನೆ. ನಿನ್ನೆ ಅತ್ತಿಗೆಗೆ ಒಂದು ಸುಳ್ಳು ಬರೆದೆ. ಬ್ಯಾಂಕಿನವರು ಕಾಲು ಭಾಗ ಬಿಟ್ಟುಕೊಟ್ಟರು ಅಂತ. ಅವರು ಒಂದು ನೋಟನ್ನೂ ಬಿಟ್ಟಿಲ್ಲ. ನನ್ನ ಹೊಲಿಗೆ ಯಂತ್ರ ಮಾರಿದೆ. ಸಾಲದ್ದಕ್ಕೆ ಮೇಲ್ವಿಚಾರಕಿಯಿಂದ ಕೈಸಾಲ ತೆಗೆದುಕೊಂಡು, ಅಂಚೆ ಕಚೇರಿಯಿಂದ ಮನಿಆರ್ಡರ್ ಮಾಡಿದೆ. ಯಂತ್ರ ಮಾರಿ ಕಳಿಸಿದೆ ಅಂದರೆ ಅತ್ತಿಗೆ ಮುಟ್ಟುವುದಿಲ್ಲ. ಅವರ ಸ್ವಭಾವ ನನಗೆ ಗೊತ್ತು, ತಾನು ಉಪವಾಸ ಇದ್ದರೂ ಇನ್ನೊಬ್ಬರ ತಟ್ಟೆಗೆ ಕೈ ಹಾಕುವವರಲ್ಲ. ಅಣ್ಣನ ಹಣ ಅಂದರೆ ಧೈರ್ಯವಾಗಿ ತೆಗೆದುಕೊಂಡಾರು.

ಮುಂಗಡ ಸಿಕ್ಕರೆ ಯಜಮಾನರು ಎರಡು ತಿಂಗಳು ನಿಂತಾರು. ಅಷ್ಟರಲ್ಲಿ ನಿಮ್ಮ ಸಹಿ ಬರುತ್ತದೆ. ಹೀಗೆ ಲೆಕ್ಕ ಹಾಕಿದ್ದೇನೆ. ಸುಳ್ಳು ಹೇಳಿ ಅಭ್ಯಾಸವಿಲ್ಲ.

ಇಂತಿ,
ನಿಮ್ಮ ಅಡುಗೆಯವನ ತಂಗಿ

*

ಜೂನ್ 29

ಸೂಜಿಗೆ,

ನೀನು ಕಳಿಸಿದ ಹಣ ಬಂತು. ಮುಂಗಡ ಕೊಡಲು ಹೋದೆ. ಯಜಮಾನರ ಮಗ, "ಕಾಲು ಭಾಗ ಹಿಡ್ಕೊಂಡು ಯಾರು ಕಾಯ್ತಾರೆ" ಅಂದ. ಯಜಮಾನರು ಪಕ್ಕದಲ್ಲೇ ಕೂತಿದ್ದರು. ಮೊನ್ನೆ ಬೇರೆಯವರಿಗೆ ಬರೆದುಕೊಟ್ಟರು.

ನನ್ನ ತಮ್ಮ ಹೇಳುವ ಮೊದಲೇ ನನಗೆ ಹೊಳೆದದ್ದು ಇದು, ಅದಕ್ಕೇ ಹೆಚ್ಚು ನೋವು. ತಪಾಸಣೆ ಮುಗಿಯದೆ ಒಂದು ನೋಟೂ ಆಚೆ ಬರುವುದಿಲ್ಲ ಅಂತ ನೀನೇ ಬರೆದಿದ್ದೆ. ಖಾತೆಗೆ ಬೀಗ ಅಂತಲೂ ನೀನೇ ಬರೆದಿದ್ದೆ. ಆ ಕಾಗದ ತೆಗೆದು ಮತ್ತೆ ಓದಿದೆ. ಬೀಗ ಹಾಕಿದ ಖಾತೆಯಿಂದ, ಮುದ್ರೆ ಒತ್ತಿದ ಲಕೋಟೆಯಿಂದ, ಸರಿಯಾಗಿ ಕಾಲು ಭಾಗ ಹೇಗೆ ಬಂತು? ಉಳಿದ ಮೂರು ಭಾಗ ಯಾಕೆ ಬರಲಿಲ್ಲ?

ಹಣ ನಿನ್ನ ಹತ್ತಿರವೇ ಇತ್ತು. ಮನಸ್ಸು ಚುಚ್ಚಿತು, ಒಂದಿಷ್ಟು ಕಳಿಸಿದೆ. ಹಾಗಲ್ಲ ಅಂತ ಹೇಳಲು ನನಗೆ ದಾರಿಯೇ ಕಾಣುತ್ತಿಲ್ಲ. ಅವರು ಪುಸ್ತಕದಲ್ಲಿ ನಿನ್ನ ವಿಳಾಸ ಬರೆಸಿದ್ದು ನಿನ್ನನ್ನು ನಂಬಿ.

ಬಂದದ್ದನ್ನು ಇಟ್ಟುಕೊಂಡಿದ್ದೇನೆ. ಅದು ನನ್ನ ಗಂಡನದು. ಉಳಿದದ್ದು ನಿನಗೆ ದಕ್ಕಿದರೆ ದಕ್ಕಲಿ.

ಅತ್ತಿಗೆ

*

ಆಗಸ್ಟ್ 20

ಅತ್ತಿಗೆ,

ನಿಮ್ಮ ಕಾಗದ ಬಂದು ಒಂದು ತಿಂಗಳ ಮೇಲಾಯಿತು. ಉತ್ತರ ಬರೆದು ಬರೆದು ಹರಿದೆ. ಈಗ ಬರೆಯದೆ ವಿಧಿಯಿಲ್ಲ.

ಬ್ಯಾಂಕಿನ ನಿರ್ಧಾರ ಬಂದಿದೆ. ಅಸಲು ಪತ್ರವನ್ನೇ ಇದರೊಂದಿಗೆ ಇಟ್ಟಿದ್ದೇನೆ. ಬಂದರಿನ ಗೇಟಿನಲ್ಲಿ ತಿಳಿಸದೆ ದೇಶದೊಳಗೆ ತಂದ ಹಣವಾದ್ದರಿಂದ ಎಂಬತ್ತಾರೂ ನೋಟು ಸರಕಾರದ ವಶಕ್ಕೆ ಹೋಗಿವೆ. ಆಕ್ಷೇಪಣೆ ಇದ್ದರೆ ಪತ್ರದ ತಾರೀಖಿನಿಂದ ಮೂವತ್ತು ದಿನದೊಳಗೆ ಹೇಳಬೇಕು. ಪತ್ರ ನನ್ನ ಹಳೆಯ ಕೋಣೆಗೆ ಹೋಗಿ ಅಲ್ಲಿಯ ಬಾಗಿಲ ಸಂದಿಯಲ್ಲಿ ಬಿದ್ದಿತ್ತು. ಈಗ ಅಲ್ಲಿರುವವರು ತಂದುಕೊಟ್ಟಾಗ ಮೂವತ್ತನಾಲ್ಕನೆಯ ದಿನ.

ಅದನ್ನು ಹಿಡಿದುಕೊಂಡು ಎರಡನೇ ಮಹಡಿಗೆ ಹೋದೆ. "ವಿಳಾಸ ಬದಲಾದ್ರೆ ತಿಳಿಸ್ಬೇಕಿತ್ತು" ಅಂದರು ಮೆದುಮಾತಿನವರು.

"ಮೇ ತಿಂಗಳಲ್ಲಿ ಇದೇ ಮೇಜಿನ ಮುಂದೆ ನಿಂತು ಹೇಳಿದೆ. ಬೀಗ ಇರುವಾಗ ತಿದ್ದೋಕಾಗಲ್ಲ ಅಂದ್ರಿ."

"ಹೌದು, ಅಂದಿದ್ದೆ" ಅಂದರು. "ಅದೂ ನಿಯಮವೇ, ಇದೂ ನಿಯಮವೇ. ನಾನೇನು ಮಾಡ್ಲಿ ಹೇಳಿ." ಅವರು ಕೇಳಿದ ರೀತಿ ನೋಡಿದರೆ, ನಾನು ಏನಾದರೂ ದಾರಿ ಹೇಳಿದ್ದರೆ ಮಾಡಿಬಿಡುತ್ತಿದ್ದರೇನೋ ಅನ್ನಿಸಿತು. ನನಗೆ ಗೊತ್ತಿರಲಿಲ್ಲ. ಮೇಸ್ತ್ರಿಯ ಸಹಿ ಹಾಕಿದ ಕಾಗದ ಹೋದ ವಾರ ಬಂತು. ಅದನ್ನೂ ಮೇಜಿನ ಮೇಲಿಟ್ಟೆ. ಫೈಲು ಮುಚ್ಚಿದೆ ಅಂದರು. ನನ್ನ ಖಾತೆಯ ಬೀಗವನ್ನು ಅವತ್ತೇ ತೆಗೆದುಕೊಟ್ಟರು.

ನಾನು ನಿಮಗೆ ಕಳಿಸಿದ್ದು ಬ್ಯಾಂಕಿನ ಹಣವಲ್ಲ. ಹೊಲಿಗೆ ಯಂತ್ರ ಮಾರಿದ್ದು, ಮೇಲೆ ಕೈಸಾಲ. ನಿಮಗೆ ಸುಳ್ಳು ಬರೆದದ್ದು ನಿಜ, ಆದರೆ ನೀವು ಅಂದುಕೊಂಡ ಸುಳ್ಳು ಅದಲ್ಲ. ಯಂತ್ರ ಕೊಂಡವಳ ವಿಳಾಸ, ಮೇಲ್ವಿಚಾರಕಿಯ ವಿಳಾಸ, ಮೇಸ್ತ್ರಿಯ ವಿಳಾಸ ಕೆಳಗೆ ಬರೆದಿದ್ದೇನೆ. ಯಾರನ್ನು ಬೇಕಾದರೂ ಕೇಳಿ ನೋಡಿ. ನನ್ನನ್ನು ನಂಬಿ ಅಂತ ಕೇಳುವುದಿಲ್ಲ. ಅವರನ್ನಾದರೂ ನಂಬಿ.

ನಿಮ್ಮ
ಸೂಜಿ

*

ಸೆಪ್ಟೆಂಬರ್ 24

ನಾದಿನಿಯವರಿಗೆ,

ನಿಮ್ಮ ಕಾಗದವೂ ಬ್ಯಾಂಕಿನ ಪತ್ರವೂ ತಲುಪಿದವು. ಬ್ಯಾಂಕಿನ ಪತ್ರ ಓದುವವರು ಇಲ್ಲಿ ಯಾರೂ ಇಲ್ಲ. ಇಂಥ ಕಾಗದ ಯಾರು ಬೇಕಾದರೂ ಅಚ್ಚು ಹಾಕಿಸಬಹುದು ಅಂತ ನನ್ನ ತಮ್ಮ ಹೇಳಿದ. ಅವನ ಮಾತು ಬಿಡಿ. ಇಪ್ಪತ್ತು ಥರದ ಕಾಗದ ಮುಟ್ಟಿ ನೋಡಿದ ಕೈ ನನ್ನದು. ಅದು ಸುಳ್ಳು ಕಾಗದ ಅಂತ ನನಗೆ ಅನ್ನಿಸಲಿಲ್ಲ.

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ನಾಲ್ಕನೆಯ ಸಲ ಎಲ್ಲ ನಿಜವೇ ಇರಬೇಕು ಅನ್ನಿಸಿತು. ಮೂರು ದಿನ ಹಾಗೇ ಅಂದುಕೊಂಡು ಇದ್ದು ನೋಡಿದೆ. ಆ ಮೂರು ದಿನ ಕೈಗೆ ಕೆಲಸ ಹತ್ತಲಿಲ್ಲ. ನಿಜವೆಂದು ಒಪ್ಪಿಕೊಂಡರೆ ನಿಮ್ಮ ಯಂತ್ರ ಮಾರಿಸಿದವಳು ನಾನು, ಮಾರಿಸಿ ಅದರ ಮೇಲೆ ಕಳ್ಳಿ ಅಂತ ಬರೆದವಳೂ ನಾನು. ಅಷ್ಟಾದರೆ ಹೇಗೋ ತಡೆದುಕೊಳ್ಳಬಹುದು. ಆದರೆ ಅವರ ಹನ್ನೊಂದು ವರ್ಷವನ್ನು ಯಾರೂ ಕದಿಯಲಿಲ್ಲ, ಯಾರೂ ತಿನ್ನಲಿಲ್ಲ, ಸುಮ್ಮನೆ ಒಂದು ಲಕೋಟೆಯೊಳಗೆ ಹೋಯಿತು ಅನ್ನಬೇಕಾಗುತ್ತದೆ. ಅದನ್ನು ನನ್ನ ಕೈಯಲ್ಲಿ ಅನ್ನಲಾಗುವುದಿಲ್ಲ. ಬ್ಯಾಂಕಿನ ಮೇಲೆ ಸಿಟ್ಟು ಮಾಡೋಣವೆಂದರೆ ನಾನು ಅದನ್ನು ಕಂಡವಳಲ್ಲ. ಅದಕ್ಕೆ ಮುಖವಿಲ್ಲ. ನಿಮ್ಮ ಮುಖ ನನಗೆ ಗೊತ್ತು.

ಅದಕ್ಕೇ ನೀವು ತೆಗೆದುಕೊಂಡಿರಿ ಎಂದೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಇದು ಅನ್ಯಾಯ ಅಂತ ನನಗೆ ಗೊತ್ತಿದೆ. ಕ್ಷಮಿಸಿ ಅಂತ ಕೇಳಿದರೆ ಮತ್ತೆ ಒಪ್ಪಿಕೊಂಡ ಹಾಗಾಗುತ್ತದೆ, ಆದ್ದರಿಂದ ಕೇಳುತ್ತಿಲ್ಲ.

ಹೊಸಬರು ಅಂಗಡಿಯಲ್ಲಿ ಬೈಂಡಿಂಗ್ ನಿಲ್ಲಿಸಿದ್ದಾರೆ. ಕಟಿಂಗ್ ಮೆಷಿನ್ನನ್ನು ನಾಲ್ಕು ಜನ ಹೊತ್ತು ಸಾಗಿಸಿದರು. ಈಗ ಅಲ್ಲಿ ಪ್ಲಾಸ್ಟಿಕ್ ಕುರ್ಚಿ ಮಾರುತ್ತಾರೆ. ನನಗೆ ಇನ್ನೊಂದು ಕಡೆ ಲಕೋಟೆ ಅಂಟಿಸುವ ಕೆಲಸ ಸಿಕ್ಕಿದೆ, ನೂರಕ್ಕೆ ಇಷ್ಟು ಅಂತ ಕೊಡುತ್ತಾರೆ. ನೀವು ಕಳಿಸಿದ ಹಣದಲ್ಲಿ ಮಗಳ ಶಾಲೆಯ ಬಾಕಿ ತೀರಿಸಿದೆ, ಮಿಕ್ಕದ್ದು ಬಾಡಿಗೆಗೆ ಹೋಗುತ್ತಿದೆ. ಹಿಂದಕ್ಕೆ ಕೊಡುವ ಶಕ್ತಿ ನನಗಿಲ್ಲ.

ಮಗಳು ನಿಮಗೆ ಬರೆಯುತ್ತೇನೆ ಅಂದಳು. ಬೇಡ ಅಂದೆ. ನೀವೂ ಇನ್ನು ಬರೆಯಬೇಡಿ. ಬಂದರೆ ಓದಬೇಕಾಗುತ್ತದೆ, ಓದಿದರೆ ನಂಬಿಬಿಡುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ,
ನಿಮ್ಮ ಅಣ್ಣನ ಹೆಂಡತಿ